ಹಸುಗೂಸಿನ ಎದೆಗೆ ಕಿವಿಗೊಡದವರಿಗೆ

ಹೆರಿಗೆ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳೇ,

ನನ್ನ ಮೊಮ್ಮಗಳ ಮುಖದ ಮೇಲೆ ಎದ್ದ ಉಂಗುರದಂಥ ಕಲೆಗಳನ್ನು ನಿಮ್ಮ ಆಸ್ಪತ್ರೆ ಹುಳುಕಡ್ಡಿ ಎಂದು ಕರೆಯಿತು. ಅದು ಹುಳುಕಡ್ಡಿಯಾಗಿರಲಿಲ್ಲ. ಆ ಒಂದು ತಪ್ಪು ಮಾತಿನಿಂದ ಮಗುವಿನ ಜೀವ ತೂಗುಯ್ಯಾಲೆಯಾಡಿತು, ಹೆತ್ತವಳು ತನ್ನ ಕೂಸನ್ನೇ ಮುಟ್ಟಲು ಹೆದರುವಂತಾದಳು. ಖುದ್ದಾಗಿ ಕಂಡು ಹೇಳೋಣವೆಂದು ಬಂದಾಗಲೆಲ್ಲ ತಾವು ಸಭೆಯಲ್ಲಿದ್ದಿರಿ. ಆದ್ದರಿಂದ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ನ್ಯಾಯಾಲಯದಲ್ಲಿ ಬೆರಳಚ್ಚುಗಾರನಾಗಿದ್ದು ನಿವೃತ್ತನಾದವನು. ವೈದ್ಯಶಾಸ್ತ್ರದ ಗಂಧಗಾಳಿ ನನಗಿಲ್ಲ. ಆದರೆ ಕೊಲೆ ಆರೋಪ ಹೊತ್ತವನನ್ನೂ "ನೀನೇನು ಹೇಳ್ತೀಯಪ್ಪ?" ಎಂದು ಕೇಳದೆ ತೀರ್ಪು ಬರೆದದ್ದನ್ನು ನನ್ನ ಸೇವೆಯಲ್ಲಿ ಕಾಣೆ. ಅದನ್ನು ಕಾಣಲು ನಿಮ್ಮ ಹೊರರೋಗಿ ವಿಭಾಗಕ್ಕೇ ಬರಬೇಕಾಯಿತು.

ಮಗಳಿಗೆ ಇದು ಚೊಚ್ಚಲ ಮಗು. ಪುಟ್ಟಿ ಎಂದು ಕರೆಯುತ್ತೇವೆ. ಹುಟ್ಟಿದ ಕೆಲವೇ ವಾರಗಳಲ್ಲಿ ಅದರ ಹಣೆಯ ಮೇಲೆ, ಕಣ್ಣಿನ ಸುತ್ತ, ನೆತ್ತಿಯಲ್ಲಿ ಕಲೆಗಳೆದ್ದವು. ಬಳೆಯ ಅಚ್ಚು ಒತ್ತಿದಂತೆ ಅಂಚು ಕೆಂಪು, ನಡುವೆ ಬಿಳುಪು. ನಿಮ್ಮ ಕಿರಿಯ ವೈದ್ಯರು ಕುರ್ಚಿಯಿಂದ ಏಳದೆ ಮೇಜಿನಾಚೆಯಿಂದಲೇ ನೋಡಿದರು.

"ಹುಳುಕಡ್ಡಿ. ಮನೇಲಿ ಯಾರಿಗಿದೆ?"

"ಯಾರಿಗೂ ಇಲ್ಲ ಡಾಕ್ಟ್ರೇ," ಎಂದಳು ಮಗಳು.

"ಮತ್ತೆ ಆಕಾಶದಿಂದ ಉದುರಿತಾ? ಮಗು ಹೆತ್ತರೆ ಸಾಲದಮ್ಮ, ಸ್ವಲ್ಪ ಚೊಕ್ಕಟವಾಗಿರೋದೂ ಕಲೀಬೇಕು. ಮುಲಾಮು ಹಚ್ಚಿ, ಎಳೆಬಿಸಿಲಿಗೆ ಹಿಡೀರಿ."

ಸಾಲಿನಲ್ಲಿದ್ದ ತಾಯಂದಿರು ತಮ್ಮ ಮಕ್ಕಳನ್ನು ಎದೆಗವಚಿಕೊಂಡು ಹಿಂದೆ ಸರಿದರು. ಮಗಳು ತಲೆ ತಗ್ಗಿಸಿದಳು. ಮಾನ್ಯರೇ, ಕಲೆಯ ಮೇಲಿನ ಹೊಟ್ಟನ್ನು ಚೂರು ಕೆರೆದು ಸೂಕ್ಷ್ಮದರ್ಶಕದಡಿ ನೋಡಲು ಎಷ್ಟು ಹೊತ್ತು ಬೇಕಿತ್ತು? ಬೈಯಲು ಹಿಡಿದಷ್ಟೇ ಹೊತ್ತು ಸಾಕಿತ್ತೇನೋ.

ಬಾಣಂತನ ಮಗಳ ಅತ್ತೆಯ ಮನೆಯಲ್ಲಿ, ನಾನೂ ಹೋಗಿಬರುತ್ತಿದ್ದೆ; ಅಲ್ಲಿ ನಡೆದದ್ದನ್ನೂ ಕೇಳಿ. ನನ್ನ ಬೀಗಿತ್ತಿ ಬಾಣಂತಿಯ ಬಟ್ಟೆಬರೆಯನ್ನೆಲ್ಲ ಕುದಿಸಿದರು. ಮಗುವನ್ನು ತಮ್ಮ ಕೋಣೆಗೆ ಒಯ್ದರು. ಹಾಲೂಡಿಸಲು ಮಾತ್ರ ಸೊಸೆಗೆ ಕರೆ. ಅವರನ್ನು ದೂರಲಾರೆ, ದೊಡ್ಡ ಆಸ್ಪತ್ರೆಯ ಮಾತನ್ನು ನಂಬಿದ್ದಷ್ಟೇ ಅವರ ತಪ್ಪು. ದಿನವೂ ಕಿಟಕಿಯ ಬಿಸಿಲಿಗೆ ಕೂಸನ್ನು ಹಿಡಿದೆವು. ಕಲೆಗಳು ಇನ್ನಷ್ಟು ಕೆಂಪಾದವು. ಮತ್ತೆ ಬಂದರೆ ನಿಮ್ಮವರು, "ಮುಲಾಮು ಸರಿಯಾಗಿ ಹಚ್ಚಿಲ್ಲ ನೀವು" ಎಂದರು.

ಈ ನಡುವೆ ಪುಟ್ಟಿ ಅಳುವುದನ್ನೇ ಕಡಿಮೆ ಮಾಡಿತು. ನಾಲ್ಕು ಗುಟುಕು ಹಾಲು ಎಳೆಯುವಷ್ಟರಲ್ಲಿ ಹಣೆಯಲ್ಲಿ ಬೆವರು, ಕಣ್ಣು ಮುಚ್ಚಿಬಿಡುತ್ತಿತ್ತು. ನೋಡಲು ಬಂದವರು ಎಂಥ ಸಾಧು ಮಗು ಎಂದು ಹೊಗಳಿದರು. ಮಗಳು ನನ್ನ ತೋಳು ಹಿಡಿದಳು.

"ಅಪ್ಪ, ಇವಳು ಸಾಧು ಅಲ್ಲ. ಇವಳಿಗೆ ಅಳೋಕೆ ಶಕ್ತಿ ಇಲ್ಲ."

ಅತ್ತೆಯ ಕೈಯಿಂದ ಮಗುವನ್ನು ತೆಗೆದುಕೊಂಡು ಅವಳೇ ಹೊರಟಳು. ನಾನು ಹಿಂದೆ ಓಡಿದೆ.

ಬೇರೊಂದು ಆಸ್ಪತ್ರೆಯ ಮಕ್ಕಳ ವೈದ್ಯೆ ಕಲೆಗಳನ್ನು ನೋಡಿದವರೇ ಮಗುವನ್ನು ಮಲಗಿಸಿ ಎದೆಗೆ ಸ್ಟೆತಸ್ಕೋಪ್ ಇಟ್ಟರು. ಇಟ್ಟವರು ತೆಗೆಯಲೇ ಇಲ್ಲ. ಇಸಿಜಿ ಮಾಡಿಸಿದ ಮೇಲೆ ಅವರು ಮಗಳತ್ತ ತಿರುಗಿದರು.

"ನಿಮಗೆ ಕಣ್ಣು ಉರಿಯುತ್ತಾ? ಬಾಯಿ ಒಣಗುತ್ತಾ?"

"ಕಣ್ಣಲ್ಲಿ ಮರಳು ಬಿದ್ದ ಹಾಗಿರುತ್ತೆ ಮೇಡಂ, ತುಂಬಾ ವರ್ಷದಿಂದ. ಯಾರೂ ಕೇಳಿರ್ಲಿಲ್ಲ."

ತಾಯಿಯ ರಕ್ತದಲ್ಲಿದ್ದ, ಸ್ವಂತ ಮೈಯ ಮೇಲೇ ಎರಗಿ ಕಣ್ಣನ್ನೂ ಒಣಗಿಸುವ ಕೆಲವು ಪ್ರತಿಕಾಯಗಳು ಗರ್ಭದಲ್ಲೇ ಮಗುವಿಗೆ ದಾಟಿದ್ದವಂತೆ. ಈ ಕಾಯಿಲೆಗೆ ನವಜಾತ ಲೂಪಸ್ ಎಂದು ಹೆಸರು. ಅಂಟುರೋಗವಲ್ಲ. ಚರ್ಮದ ಉಂಗುರಗಳು ತಿಂಗಳುಗಳಲ್ಲಿ ತಾವೇ ಮಾಯುತ್ತವೆ, ಬಿಸಿಲು ತಾಗಿದರೆ ಕೆರಳುತ್ತವೆ. ಆದರೆ ಕೆಲವು ಮಕ್ಕಳಲ್ಲಿ ಆ ಪ್ರತಿಕಾಯಗಳು ಹೃದಯದ ಮಿಡಿತ ಸಾಗುವ ದಾರಿಯನ್ನೂ ಕೆಡಿಸುತ್ತವೆ, ಅದು ಮಾಯುವುದಿಲ್ಲ. ಪುಟ್ಟಿಯ ಎದೆ ಬಡಿಯಬೇಕಾದ ವೇಗದ ಅರ್ಧದಷ್ಟೂ ಬಡಿಯುತ್ತಿರಲಿಲ್ಲ. ಈಗ ಅಂಗೈಯಗಲದ ಆ ಮೈಯೊಳಗೆ ಪೇಸ್‌ಮೇಕರ್ ಇದೆ. ಮಗು ಬದುಕಿದೆ, ಗಟ್ಟಿಯಾಗಿ ಅಳುತ್ತದೆ. ಆ ಅಳು ಕೇಳಿ ನಮ್ಮ ಬೀಗಿತ್ತಿ ಗೋಡೆಗೊರಗಿ ತಾವೂ ಅತ್ತರು.

ಅಪರೂಪದ ಕಾಯಿಲೆ, ಗೊತ್ತಾಗಲಿಲ್ಲ ಎಂದು ನೀವು ಹೇಳಬಹುದು. ಒಪ್ಪಿದೆ. ಗೊತ್ತಾಗದಿರುವುದು ಅಪರಾಧವಲ್ಲ. ಆದರೆ "ಗೊತ್ತಿಲ್ಲ" ಎನ್ನಬೇಕಾದ ಕಡೆ "ಕೊಳಕು" ಎನ್ನುವುದು ಯಾವ ಶಾಸ್ತ್ರ? ನಿಮ್ಮ ಅಜ್ಞಾನವನ್ನು ಹಸಿಬಾಣಂತಿಯ ತಲೆಗೆ ಕಟ್ಟುವ ಅಧಿಕಾರವನ್ನು ಯಾವ ಆದೇಶ ಕೊಟ್ಟಿತು?

ನನ್ನ ಬೇಡಿಕೆ ದೊಡ್ಡದಲ್ಲ. ಹಸುಗೂಸಿನ ಮೈಮೇಲೆ ಉಂಗುರದ ಕಲೆ ಕಂಡರೆ ನಿಮ್ಮ ವೈದ್ಯರು ಕುರ್ಚಿ ಬಿಟ್ಟು ಏಳಲಿ. ಕೆರೆದು ನೋಡದೆ ಹುಳುಕಡ್ಡಿ ಎನ್ನದಿರಲಿ. ಎದೆಗೆ ಕಿವಿಗೊಡಲಿ, ಇಸಿಜಿ ಮಾಡಿಸಲಿ, ತಾಯಿಯ ಆರೋಗ್ಯ ವಿಚಾರಿಸಿ ಅವಳ ರಕ್ತ ಪರೀಕ್ಷಿಸಲಿ. ಇದನ್ನು ಲಿಖಿತ ಆದೇಶವಾಗಿ ಹೊರಡಿಸಿ.

ಇನ್ನೊಂದಿದೆ. ನನ್ನ ಮಗಳು ಈಗಲೂ ಮಗುವನ್ನು ಎತ್ತಿಕೊಳ್ಳುವ ಮುನ್ನ ಕೈ ತೊಳೆಯುತ್ತಾಳೆ, ಒರೆಸುತ್ತಾಳೆ, ಮತ್ತೆ ತೊಳೆಯುತ್ತಾಳೆ. ಬೆರಳ ತುದಿಗಳು ಸುಲಿದಿವೆ. "ಸಾಕು ಬಿಡಮ್ಮ" ಎಂದರೆ, "ಏನೇ ಆದ್ರೂ ನನ್ನಿಂದ ಬಂದಿದ್ದೇ ತಾನೆ ಅಪ್ಪ?" ಎನ್ನುತ್ತಾಳೆ. ಅವಳ ತಪ್ಪಲ್ಲ ಎಂದು ನಾನು ಹೇಳಿದರೆ ತಂದೆಯ ಸಮಾಧಾನದ ಮಾತಾಗುತ್ತದೆ. ನೀವು ಬಂದು ಹೇಳಿ.

ಇಂತಿ,
ಮಲಗಿದ ಮೊಮ್ಮಗಳ ಎದೆಗೆ ಕಿವಿಯಿಟ್ಟು ನೋಡುವ ಚಟ ಹತ್ತಿದ ಒಬ್ಬ ತಾತ