ಬೂರುಗ ಅರಳಿದೆ ಎಂದು ಎಬ್ಬಿಸಿದವರಿಗೆ

ಅತ್ತಿ, ನಿಮ್ಮ ಸುವರ್ಣಾಳ ಶರಣು.

ಕೋಟೆಯ ಕಂದಕದ ಬದಿಯ ಬೂರುಗ ಈ ಸಲವೂ ಅರಳಿದೆ. ನಿನ್ನೆ ಬಿಸಿಲೇರುವ ಮೊದಲೇ ಹೋಗಿ ನೋಡಿಕೊಂಡು ಬಂದೆ. ಮೈಮೇಲೆ ಒಂದೆಲೆಯೂ ಇಲ್ಲದೆ ಬರೀ ಹೂವು ಹೊತ್ತು ನಿಂತಿದೆ. ಟೊಂಗೆಟೊಂಗೆಯಲ್ಲಿ ಗಿಣಿಗಳ ಜಗಳ, ಕೆಳಗೆ ದಪ್ಪ ಹೂಗಳು ಧೊಪ್ಪನೆ ಬೀಳುವ ಸದ್ದು. ನಿಮಗೊಂದು ಸುದ್ದಿ ಹೇಳಬೇಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಮೊದಲಿನಿಂದ ಹೇಳಿಕೊಂಡು ಬರದಿದ್ದರೆ ಆ ಮಾತಿಗೆ ಬಂದು ನಿಲ್ಲುವ ಧೈರ್ಯ ನನಗೆ ಬರುವುದಿಲ್ಲ.

ನಿಮ್ಮ ಮಗ ಹೋದ ಮೇಲಿನ ಆ ದಿನಗಳು ನೆನಪಿವೆಯೇ? ಬಸವರಾಜ ತಮ್ಮ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ನಾನು ಶಹಾಬಜಾರದ ನಮ್ಮ ಮನೆಯ ಒಳಕೋಣೆ ಸೇರಿದೆ. ಗೋಡೆಗೆ ಮುಖ ಮಾಡಿ ಮಲಗಿದರೆ ಬೆಳಗು ಯಾವುದು, ಸಂಜೆ ಯಾವುದು ತಿಳಿಯುತ್ತಿರಲಿಲ್ಲ. ಬಂದವರೆಲ್ಲ ನನ್ನ ಬಗ್ಗೆ ಮಾತಾಡುತ್ತಿದ್ದರೇ ಹೊರತು ನನ್ನ ಕೂಡ ಯಾರೂ ಮಾತಾಡುತ್ತಿರಲಿಲ್ಲ. ಮಕ್ಕಳಿಲ್ಲ, ಮರಿಯಿಲ್ಲ, ಇನ್ನು ಈಕೆಯ ಗತಿಯೇನು ಎಂದು... ಅದೆಲ್ಲ ಈಗೇಕೆ ಬಿಡಿ.

ಒಂದು ಬೆಳಿಗ್ಗೆ ನೀವು ಬಂದು ನನ್ನ ಹೊದಿಕೆ ಎಳೆದಿರಿ. "ಏಳು ಸುವರ್ಣಾ, ಮಾರಿ ತೊಳ್ಕೊ. ಬೂರುಗದ ಗಿಡ ಹೂ ಬಿಟ್ಟದ." ಅಷ್ಟೇ ಹೇಳಿದಿರಿ, ಯಾರೋ ನೆಂಟರು ಬಂದಿದ್ದಾರೆ ಅನ್ನುವ ಹಾಗೆ. ಪಡಸಾಲೆಯಲ್ಲಿ ಕೂತಿದ್ದ ನಿಮ್ಮ ನೆಗೆಣ್ಣಿ, ನಮ್ಮ ದೊಡ್ಡತ್ತಿ, ನಾವು ಚಪ್ಪಲಿ ಮೆಟ್ಟುವುದನ್ನು ಕಂಡು ಬಾಯಿಗೆ ಸೆರಗಿಟ್ಟುಕೊಂಡರು.

"ಗಂಡ ಸತ್ತು ಇನ್ನs ತಿಂಗಳಾಗಿಲ್ಲ. ಸೊಸಿನ್ನ ಹೂ ತೋರ್ಸಾಕ ಕರ್ಕೊಂಡು ಹೊಂಟ್ಯಾ? ಮಂದಿ ಏನಂದಾರು?"

ನೀವು ಹೊಸ್ತಿಲಲ್ಲಿ ನಿಂತು ತಿರುಗಿದಿರಿ. "ಮುಡಿಯಾಕ ಬ್ಯಾಡ ಅಂದ್ರಿ, ಮುಡಿಯೂದಿಲ್ಲ. ನೋಡಾಕೂ ಬ್ಯಾಡೇನ್ರಿ ಅಕ್ಕಾರs? ಯಾರು ಮುತ್ತೈದಿ, ಯಾರು ಅಲ್ಲಂತ ಗಿಡಕ್ಕೇನು ಗೊತ್ತದ?"

ಕೋಟೆಯ ಗೋಡೆಯ ಆಚೆ, ಆ ಗಿಡದ ಬುಡದಲ್ಲಿ ನೀವು ಒಂದು ಹೂವನ್ನು ಎತ್ತಿ ನನ್ನ ಅಂಗೈ ಮೇಲೆ ಇಟ್ಟಿರಿ. ಎಷ್ಟು ಭಾರ ಇತ್ತು ಅದು! ಇಬ್ಬನಿ ಕುಡಿದು ತಣ್ಣಗಾಗಿತ್ತು. "ಬಸೂ ಸಣ್ಣಾವಿದ್ದಾಗ ಇವನ್ನ ಚೆಂಡು ಮಾಡಿ ಒಗೀತಿದ್ದ" ಎಂದಿರಿ. ಬಂದವರಿಗೆಲ್ಲ ಚಹಾ ಕೊಡುತ್ತ ಒಂದು ಹನಿ ಕಣ್ಣೀರು ತೋರಿಸದೆ ಓಡಾಡಿಕೊಂಡಿದ್ದ ನೀವು ಅಲ್ಲಿ ಕಲ್ಲಿನ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಿರಿ. ನಾನೂ ಅತ್ತೆ. ಆಮೇಲೆ ಮೂಗು ಒರೆಸಿಕೊಂಡು, "ಮನ್ಯಾಗ ಅತ್ರ ಎಲ್ಲಾರೂ ನೋಡ್ತಾರ. ಇಲ್ಲಿ ಗಿಣಿ ಅಷ್ಟ ನೋಡ್ತಾವ" ಎಂದಿರಿ. ಆ ಮಾತಿಗೆ ನನಗೆ ನಗು ಬಂತು. ಗಂಡ ಸತ್ತ ಮೇಲೆ ನಾನು ನಕ್ಕ ಮೊದಲ ನಗು, ಅದೂ ಮಗನನ್ನು ಕಳೆದುಕೊಂಡ ತಾಯಿಯ ಮುಂದೆ. ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡರೆ ನೀವೇ ನನ್ನ ಕೈ ತೆಗೆದಿರಿ.

ನರ್ಸಮ್ಮ ಎಂದೇ ಊರೆಲ್ಲ ನಿಮ್ಮನ್ನು ಕರೆಯುತ್ತಿತ್ತು. ಕೂಸುಗಳಿಗೆ ಲಸಿಕೆ ಹಾಕುತ್ತ ನೀವು ನಡೆಯದ ಓಣಿ ಕಲಬುರಗಿಯಲ್ಲಿ ಯಾವುದಿತ್ತು? ಅದಕ್ಕೇ ನಿಮ್ಮ ಕಲಬುರಗಿಯಲ್ಲಿ ವಿಳಾಸಗಳೆಲ್ಲ ಗಿಡಗಳಾಗಿದ್ದವು. ಅಪ್ಪನ ಕೆರೆ ಎಂದರೆ ನಿಮಗೆ ಏರಿಯ ಪಕ್ಕದ ಕೆಂಪು ಹಾಲವಾಣ. ಸ್ಟೇಶನ್ ಬಜಾರ ಎಂದರೆ ಲಾಡ್ಜುಗಳ ಗದ್ದಲ ದಾಟಿದ ಮೇಲೆ ಹಳೆಯ ಕ್ವಾರ್ಟರ್ಸಿನ ಕಂಪೌಂಡಿನಿಂದ ಹೊರಗೆ ಜೋತುಬಿದ್ದ ಕಕ್ಕೆಯ ಹಳದಿ ಗೊಂಚಲು. "ಇದು ಇನ್ನ ಹದಿನೈದು ದಿನಕ್ಕ ನೋಡು" ಎಂದು ಬರಿಯ ಕೊಂಬೆಗಳನ್ನೂ ತೋರಿಸುತ್ತಿದ್ದಿರಿ. ಹೂವಿಲ್ಲದ ಗಿಡವನ್ನೂ ಅಷ್ಟು ಗೌರವದಿಂದ ನೋಡುವವರನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಶಿವರಾತ್ರಿ ಕಳೆಯುತ್ತಲೇ ಕಮಲಾಪುರದಿಂದ ಅಣ್ಣ ಬಂದ. ನನ್ನನ್ನು ಕರೆದುಕೊಂಡು ಹೋಗುವುದೆಂದು ಅವರವರೇ ಮಾತಾಡಿ ಮುಗಿಸಿದ್ದರು. ನನ್ನ ಟ್ರಂಕು ಆಗಲೇ ಪಡಸಾಲೆಗೆ ಬಂದಿತ್ತು. ನೀವು ಮಾತ್ರ, "ನೀ ಮುಂದ ನಡಿಯಪ್ಪಾ. ಹೋಳಿ ಆದಮ್ಯಾಗ ನಾನs ಕರ್ಕೊಂಡು ಬರ್ತೀನಿ" ಎಂದಿರಿ. ಟ್ರಂಕನ್ನು ಮತ್ತೆ ಒಳಗೆ ಇಟ್ಟೆ. ನೀವೂ ಕಳಿಸಲು ಒಪ್ಪಿದ್ದು ಕೇಳಿ, ನಿಮಗೂ ನಾನು ಭಾರವಾಗಿದ್ದೇನೋ ಏನೋ ಎಂದು ಆ ದಿನ ಅಂದುಕೊಂಡಿದ್ದೆ ಅತ್ತಿ. ನಿಮಗೆ ಇದನ್ನು ಎಂದೂ ಹೇಳಲಿಲ್ಲ.

ಹೋಳಿಯ ಮರುದಿನದ ಬಸ್ಸು. ಕಮಲಾಪುರಕ್ಕೆ ಇನ್ನೂ ದೂರವಿತ್ತು. ರಸ್ತೆ ತಿರುವಿನಲ್ಲಿ ಒಮ್ಮೆಗೇ ಗುಡ್ಡದ ಮೈಯೆಲ್ಲ ಕೇಸರಿ. ಮುತ್ತುಗ! ಕರಿಕಲ್ಲು, ಒಣಹುಲ್ಲು, ನಡುವೆ ನಿಗಿನಿಗಿ ಕೆಂಡ. ನೀವು ಎದ್ದು ನಿಂತು ಬಸ್ ನಿಲ್ಲಿಸಿ ಎಂದು ಕೂಗಿದಿರಿ.

ಕಂಡಕ್ಟರ್ ಸುತ್ತ ನೋಡಿದ. "ಇಲ್ಲಿ ಯಾವ ಊರೂ ಇಲ್ಲಲ್ಲಬೇ ಯವ್ವಾ!"

"ಊರು ಬ್ಯಾಡೋ ಅಪ್ಪಾ, ಗಿಡ ಅವ. ಇಳಸು."

ಬಸ್ಸಿಗೆ ಬಸ್ಸೇ ನಕ್ಕಿತು. ನೀವೂ ನಕ್ಕು, ಸೀರೆ ಎತ್ತಿ ಹಿಡಿದು ಇಳಿದಿರಿ. ಗಿಡದ ಕೆಳಗೆ ನೆಲವೇ ಕಾಣುತ್ತಿರಲಿಲ್ಲ, ಅಷ್ಟು ಹೂವು ಉದುರಿತ್ತು. ಕಾಲಿಡಲು ಮನಸ್ಸಾಗದೆ ನಾನು ಅಂಚಿನಲ್ಲೇ ನಿಂತೆ. ಆಗ ನೀವು ಕೇಳಿದಿರಿ: "ಈಗ ಹೇಳು. ನಿಮ್ಮಣ್ಣನ ಮುಂದ ಕೇಳಿದ್ರ ನೀ ಬಾಯಿ ಬಿಡೂದಿಲ್ಲ. ನಿನಗ ಎಲ್ಲಿ ಇರಬೇಕನಸ್ತದ?"

ಅಲ್ಲಿಯವರೆಗೆ ಒಬ್ಬರಾದರೂ ನನ್ನನ್ನು ಇದನ್ನು ಕೇಳಿದ್ದರೇ? ನೀವು ಅವಸರ ಮಾಡಲಿಲ್ಲ, ಹೂವಿನ ಕಡೆ ನೋಡುತ್ತ ನಿಂತಿರಿ. ಕಡೆಗೆ "ನಿಮ್ಮ ಕೂಡ ಇರ್ತೀನ್ರಿ" ಅಂದೆ. "ಛೊಲೊ ಆತು" ಎಂದಿರಿ. ಬೇರೇನೂ ಇಲ್ಲ. ಮುಂದಿನ ಬಸ್ಸಿಗೆ ಕೈ ಮಾಡಿದಿರಿ.

ಅಣ್ಣನ ಮನೆಯಲ್ಲಿ ತಟ್ಟೆ ತುಂಬ ಕೆಂಪು ಬಾಳೆಹಣ್ಣು ತಂದಿಟ್ಟರು. ನೀವು ಒಂದನ್ನು ಸುಲಿದು ನಿಧಾನವಾಗಿ ತಿಂದು, ರುಚಿಯನ್ನು ಹೊಗಳಿ, ಆಮೇಲೆ ಹೇಳಿದಿರಿ: "ತವರಮನಿ ನೋಡ್ಲಿ ಅಂತ ಕರ್ಕೊಂಡು ಬಂದೀನಿ. ಬಿಟ್ಟು ಹೋಗಾಕ ಅಲ್ಲ."

ಅಣ್ಣನ ಮುಖ ಗಂಟಾಯಿತು. "ನಿಮ್ಮ ಮಗನs ಇಲ್ಲಂದ ಮ್ಯಾಗ ಆಕಿ ಅಲ್ಲಿ ಯಾವ ಸಂಬಂಧಲೆ ಇರ್ತಾಳ್ರಿ?"

"ನಾ ಅದೀನಲ್ಲಪ್ಪಾ."

ನಾನು ನಿಮ್ಮ ಜೊತೆಗೇ ಕಲಬುರಗಿಗೆ ಮರಳಿದೆ. ಅಣ್ಣ ಕೆಟ್ಟವನಲ್ಲ, ಅವನಿಗೆ ಊರಿನ ಭಯ. ನಿಮಗೆ ಆ ಭಯ ಯಾಕೆ ಇರಲಿಲ್ಲ? ನಾನು ಎಷ್ಟು ಸಲ ಯೋಚಿಸಿದ್ದೇನೆ ಗೊತ್ತೇ? ನೀವೂ ಎಳೆವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದಿರಿ. ಆಗ ನಿಮ್ಮನ್ನು ಯಾರಾದರೂ ಒಂದು ಗಿಡದ ಕೆಳಗೆ ಕರೆದುಕೊಂಡು ಹೋಗಿ ನಿಲ್ಲಿಸಿದ್ದರೋ, ಅಥವಾ ಯಾರೂ ಕರೆದುಕೊಂಡು ಹೋಗಲಿಲ್ಲವೆಂದೇ ನೀವು...

ಆ ಬೇಸಿಗೆ ಇಡೀ ನಡೆದೆವು. ಬೇವು ಹೂ ಬಿಟ್ಟಾಗ ನಮ್ಮ ಓಣಿಗೆ ಬರುತ್ತಿದ್ದ ಆ ಜೇನುಗಂಪು, ಬಿಸಿಲು ನೆತ್ತಿ ಸುಡುವಾಗ ಗುಲ್‌ಮೊಹರ್ ಹಿಡಿಯುತ್ತಿದ್ದ ಕೆಂಪು ಕೊಡೆ. ಕಲಬುರಗಿಯ ಬಿಸಿಲನ್ನು ಎಲ್ಲರೂ ಬೈಯುತ್ತಾರೆ. ನೀವೊಬ್ಬರೇ, "ಈ ಬಿಸಲಿಗೆ ಅಂಜದs ಅರಳ್ತಾವಲ್ಲ, ಅವುಕ್ಕ ಶರಣು ಅನಬೇಕು" ಎನ್ನುತ್ತಿದ್ದಿರಿ. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಖಾಲಿಯಿದೆ ಎಂದು ಗೊತ್ತಾದಾಗ ನನಗಿಂತ ಮೊದಲು ನೀವೇ ಹೋಗಿ ವಿಚಾರಿಸಿ ಬಂದಿರಿ. ಮೊದಲ ದಿನ ಗೇಟಿನವರೆಗೆ ಬಂದಿರಿ. ನಾನು ಒಳಗೆ ಹೋಗಿ ಕಿಟಕಿಯಿಂದ ನೋಡಿದರೆ ಇನ್ನೂ ಅಲ್ಲೇ ನಿಂತಿದ್ದಿರಿ.

ನಿಮ್ಮ ಕೊನೆಯ ವಸಂತದಲ್ಲಿ ಮಂಡಿ ಕೈಕೊಟ್ಟಿತ್ತು. ಆಟೋದಲ್ಲಿ ಕೂತೇ ಊರು ಸುತ್ತಿದಿರಿ. ದರ್ಗಾದ ಅಂಗಳದ ಚಂಪಾ ಗಿಡದ ಮುಂದೆ ಆಟೋದವನು, "ಅಮ್ಮಾ, ಇಳೀತೀರೇನ್ರಿ?" ಎಂದ. "ಇಲ್ಲಪ್ಪಾ, ಇಲ್ಲಿಗೇ ವಾಸನಿ ಬರಾಕತ್ತದ" ಎಂದು ಕಣ್ಣು ಮುಚ್ಚಿ ಕೂತಿರಿ. ಆ ಮುಖ ಎಷ್ಟು ತುಂಬಿಕೊಂಡಿತ್ತು! ಮಳೆಗಾಲದಲ್ಲಿ ನೀವು ಹೊರಟಾಗ ಅತ್ತವರೆಲ್ಲ ಆ ಮುಖವನ್ನು ನೋಡಿರಲಿಲ್ಲ. ನಾನು ನೋಡಿದ್ದೆ.

ಈಗ ಸುದ್ದಿ. ವೀರೇಶ ಎಂದು, ನಮ್ಮ ಕಾಲೇಜಿನಲ್ಲಿ ಲೆಕ್ಕಪತ್ರ ನೋಡುವವರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾದವು. ಮಾತು ಕಡಿಮೆ. ಯೂನಿವರ್ಸಿಟಿ ಕಡೆಯ ಹೊಸ ರಸ್ತೆಯಲ್ಲಿ ಸಾಲಾಗಿ ಗುಲಾಬಿ ಬಣ್ಣದ ಹೂವಿನ ಗಿಡಗಳು ಅರಳಿವೆ ಎಂದು ಹೇಳಿದವರು ಅವರೇ. ಎಳೆಯ ಗಿಡಗಳು ಅತ್ತಿ, ಈ ವರ್ಷ ಮೊದಲ ಸಲ ಹೂ ಬಿಟ್ಟಿವೆ. ನೀವು ನನಗೆ ತೋರಿಸದ ಗಿಡ ಈ ಊರಿನಲ್ಲಿ ಇದೊಂದೇ ಇರಬೇಕು. ಒಟ್ಟಿಗೆ ನೋಡಲು ಹೋದಾಗ ಅಲ್ಲಿ ನಿಂತು ಅವರು ಒಂದು ಮಾತು ಕೇಳಿದರು. ಅವಸರ ಮಾಡಲಿಲ್ಲ, ಹೂವಿನ ಕಡೆ ನೋಡುತ್ತ ನಿಂತರು. ನಾನು ಹೂಂ ಅಂದೆ.

ಮನೆಗೆ ಬಂದು ದೊಡ್ಡತ್ತಿಗೆ ಹೇಳಿದೆ. ಅವರು, "ಮನಿಗೆ ಕರಿ. ನಾ ನೋಡಬೇಕು" ಎಂದರು. ವೀರೇಶ ಬಂದಾಗ ತಾವೇ ಚಹಾ ಮಾಡಿದರು. ಅವರು ಹೋದ ಮೇಲೆ, "ಮೆತ್ತಗ ಮಾತಾಡ್ತಾನ. ನಮ್ಮ ಬಸೂನಂಗ ಅಲ್ಲ, ಆದ್ರೂ ಛೊಲೊ ಅದಾನ" ಎಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನೀವಿದ್ದಿದ್ದರೆ ಏನನ್ನುತ್ತಿದ್ದಿರಿ? ನಿಮ್ಮ ಮಗನ ಹೆಂಡತಿ ನಾನು. ನಿಮಗೆ ನೋವಾಗುತ್ತಿತ್ತೇ? ಆಗುತ್ತಿತ್ತು, ನನಗೆ ಗೊತ್ತು. ಆದರೂ ನೀವೇ ಮುಂದೆ ನಿಂತು...

ಯುಗಾದಿ ಮುಗಿದ ಮೇಲೆ ಮದುವೆ, ಹತ್ತು ಜನರ ನಡುವೆ. ಫೋನಿನಲ್ಲಿ ತಿಳಿಸಿದಾಗ ಅಣ್ಣ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ಒಪ್ಪಿದ. "ಹಂಗಾರ ನೀ ಕಮಲಾಪುರಕ್ಕ ಬಾ. ಹೆಣ್ಣಿನ್ನ ತವರಮನಿಯಿಂದ ಕಳಸೂದು ಪದ್ಧತಿ" ಎಂದ.

"ನಾನೂ ಅದನ್ನs ಹೇಳಾಕತ್ತೀನಿ ಅಣ್ಣಾ" ಅಂದೆ. "ಶಹಾಬಜಾರದ ನಮ್ಮತ್ತಿ ಮನಿಯಿಂದನs ಹೊಂಡ್ತೀನಿ."

ನಿಮ್ಮ
ಸುವರ್ಣಾ