ಐದು ಮೇಜಿಗೂ ನಾನೇ

ಶಿಕಾಗೋ, ಶನಿವಾರ

ತಂಗಿ ಲುವೀನಿಯಾ,

ಅಲಬಾಮಾದಿಂದ ಬಸ್ಸಿನಲ್ಲಿ ಕುಲುಕಿ ಸೊಂಟ ಹಿಡಿದಿರುವುದು ಬಿಟ್ಟರೆ ಆರಾಮಾಗಿದ್ದೇನೆ. ಈ ಮಹಿಳಾ ಸಮ್ಮೇಳನಕ್ಕೆ ಬಂದ ಕಪ್ಪು ಹೆಂಗಸು ನಾನೊಬ್ಬಳೇ. ಬೆಳಿಗ್ಗೆ ಪತ್ರಿಕೆಯವರು ಫೋಟೋ ತೆಗೆಯುವಾಗ ಕಾರ್ಯದರ್ಶಿ ಪೆಗ್ಗಿ ಓಡಿಬಂದು, "ಅಕ್ಕ, ಈ ಮೇಜಿಗೂ ಸ್ವಲ್ಪ ಬನ್ನಿ, ನಾವೆಲ್ಲ ಬರೀ ಬೆಳ್ಳಗೇ ಕಾಣ್ತಿದೀವಿ" ಎಂದಳು. ಹೀಗೆಯೇ ಐದು ಮೇಜಿಗೆ ಕೂರಿಸಿದಳು. ಗುರುತು ಸಿಗಬಾರದೆಂದು ಪ್ರತಿ ಸಲ ಯಾರದೋ ಟೋಪಿ ಕಿತ್ತು ತಂದು ನನ್ನ ತಲೆಗಿಟ್ಟಳು. ಒಂದರಲ್ಲಿ ನವಿಲುಗರಿಯಿತ್ತು.

ಮಧ್ಯಾಹ್ನ ನಮ್ಮಂಥ ಮನೆಗೆಲಸದವರ ಸಂಬಳದ ಮಾತೆತ್ತಲು ಎದ್ದು ನಿಂತೆ. ಅಧ್ಯಕ್ಷೆ ನಕ್ಕು, "ಬೆಳಿಗ್ಗೆಯಿಂದ ನೋಡ್ತಿದೀನಿ, ನಿಮ್ಮವರು ಎಲ್ಲಾ ಮೇಜಲ್ಲೂ ಇದಾರೆ. ಎಲ್ಲರಿಗೂ ಮೈಕು ಕೊಡೋಕಾಗತ್ತೇನಮ್ಮ? ನಿಮ್ಮನಿಮ್ಮಲ್ಲೇ ಮಾತಾಡ್ಕೊಂಡು ಒಬ್ಬರನ್ನ ಕಳಿಸಿ" ಎಂದರು.

ನಾನು ಕೂತು, ನನ್ನ ಜೊತೆ ನಾನೇ ಸ್ವಲ್ಪ ಹೊತ್ತು ಗುಸುಗುಸು ಮಾಡಿ ಮತ್ತೆ ಎದ್ದೆ.

"ಮಾತಾಡ್ಕೊಂಡ್ವಿ ಮೇಡಂ. ನವಿಲುಗರಿಯವಳು ಮೊದಲು ಒಪ್ಪಲಿಲ್ಲ, ಆಮೇಲೆ ಐದೂ ಜನ ನನ್ನನ್ನೇ ಕಳಿಸಿದ್ರು."

ಮೈಕು ಸಿಕ್ಕಿತು.

ಸೋಮವಾರದ ಬಸ್ಸಿಗೆ ಎಲ್ಲರೂ ಬರುತ್ತೇವೆ, ಕೋಳಿ ಜಾಸ್ತಿ ಹುರಿದಿಡು.

ನಿನ್ನ ಅಕ್ಕಂದಿರು,
ವರ್ಡೆಲ್