ದೋಣಿ ಮುಟ್ಟಿದ ಮುದುಕಿಯರು

ಏ ಮುದುಕಾ,

ಬಿದಿರೆಲೆಯ ಕಡುಬು ಒಲೆಯ ಮೇಲಿದೆ. ಒಂದೇ ತಿನ್ನು, ಸಕ್ಕರೆ ಕಾಯಿಲೆ ನಿನ್ನದು. ಮಾತ್ರೆ ನೀನೇ ನುಂಗು, ಬಾತುಕೋಳಿಗೆ ಹಾಕಬೇಡ.

ಹೆಂಗಸರು ಮುಟ್ಟಿದರೆ ಡ್ರ್ಯಾಗನ್ ದೋಣಿ ಮುಳುಗುತ್ತದೆ ಅಂದಿದ್ದೆಯಲ್ಲ? ನೀವು ಗಂಡಸರು ಮರ ಒಡೆಯದಿರಲೆಂದು ಕಾಲುವೆಯ ಕೆಸರಲ್ಲಿ ಹೂತಿಟ್ಟು ಮರೆತ ದೋಣಿಯನ್ನು ನಾವು ಮುದುಕಿಯರು ಎತ್ತಿ, ಹಬ್ಬದ ದೋಣಿ ಪಂದ್ಯಕ್ಕೆ ತಂಡ ಕಟ್ಟಿ ತಿಂಗಳಾಯಿತು. ಇನ್ನೂ ತೇಲುತ್ತಿದೆ. ಆದರೆ ಒಬ್ಬೊಬ್ಬಳ ಹುಟ್ಟಿಗೂ ಒಂದೊಂದು ತಾಳ. ನಿನ್ನೆ ಯಾರದೋ ಬಾತುಕೋಳಿ ಬೇಲಿಗೆ ನುಗ್ಗಿದೆವು.

"ದೋಣೀಲಿ ಕೂತು ತಾಳಕ್ಕೆ ಡ್ರಮ್ ಬಾರಿಸೋಕೆ ಬೈಗುಳ ಬರೋ ಗಂಡಸು ಬೇಕು ಕಣೇ ಯೂಕ್‌ಲಾನ್," ಅಂದಳು ಪಕ್ಕದ ಮನೆ ಸಾಮ್ ಅಜ್ಜಿ. ಎಲ್ಲರೂ ನನ್ನ ಮುಖ ನೋಡಿದರು.

ಲಕ್ವ ಹೊಡೆದದ್ದು ನಿನ್ನ ಬಲಗೈಗೆ, ಬಾಯಿಗಲ್ಲ. ಡ್ರಮ್ಮಿಗೆ ಎಡಗೈ ಸಾಕು.

ಕುರ್ಚಿ ಬಿಟ್ಟು ಎದ್ದು ಬಾ. ದೋಣಿ ಮುಳುಗಿದರೆ ನೀನು ಹೇಳಿದ್ದೇ ನಿಜವಾಗುತ್ತದಲ್ಲ, ಆ ಸಂತೋಷಕ್ಕಾದರೂ ಬಾ.